ಅಡುಗೆಮನೆಯೊಳಗಿನ ಹಾದಿ

ನಮ್ಮ ಅಡುಗೆಮನೆಯ ಹಿಂದಿನ ಗೋಡೆ ಒಡೆಸಿದವಳು ನಾನೇ. ಯಾರನ್ನೂ ಕೇಳದೆ ಒಡೆಸಿದಳು ಎಂದು ಗಂಗಾವತಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈಗಲೂ ಕೆಲವರು ಹೇಳುತ್ತಾರೆ. ಅದು ಸುಳ್ಳು. ಕೇಳಿದ್ದೆ. ಬೇಡ ಅಂದರು. ಆಮೇಲೆ ಒಡೆಸಿದೆ.

ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಗಂಗಾವತಿಯಿಂದ ಕನಕಗಿರಿ ಮೇಲೆ ಕುಷ್ಟಗಿಗೆ, ಕೆಲವು ದಿನ ಕೊಪ್ಪಳ ದಾಟಿ ಯಲಬುರ್ಗಾಕ್ಕೆ, ಹುಣ್ಣಿಮೆ ಬಂತೆಂದರೆ ಹುಲಿಗಿಯ ದೇವಿಯ ಗುಡಿಗೆ ಬಿಡುವ ಹೆಚ್ಚಿನ ಗಾಡಿ. ದಿನವಿಡೀ ನಿಂತು ಕೂಗಿ ಕೂಗಿ ನನ್ನ ದನಿ ದೊಡ್ಡದಾಗಿದೆ. ಮನೆಯಲ್ಲೂ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಡೆದ ಜಗಳದಲ್ಲಿ ನನ್ನ ಬಾಯಿ ಜೋರು ಎಂಬುದೇ ನನ್ನ ಮೇಲಿನ ದೊಡ್ಡ ಆರೋಪವಾಗಿತ್ತು.

ಗಂಡ ಕರೆಂಟಿನ ಇಲಾಖೆಯಲ್ಲಿ ಲೈನ್‌ಮನ್. ಇಬ್ಬರ ದುಡಿಮೆಯಲ್ಲಿ ಒಂದು ಸ್ವಂತ ಮನೆ ಮಾಡಿಕೊಳ್ಳೋಣ ಎಂದು ಹುಡುಕುತ್ತಿದ್ದಾಗಲೇ ಅತ್ತೆ ನಮ್ಮ ಜೊತೆ ಇರಲು ಬಂದರು. ಅವರು ಯಲಬುರ್ಗಾ ಕಡೆಯ ಹಳ್ಳಿಯವರು. ಅಲ್ಲಿ ಮೈದುನ ಹೊಲ ನೋಡಿಕೊಳ್ಳುತ್ತಾನೆ, ಮನೆ ತುಂಬ ಜನ, ದನ. ಆದರೆ ಅತ್ತೆಯ ಮೊಣಕಾಲು ಕೈಕೊಟ್ಟಿತ್ತು, ಮೇಲಿಂದ ಮೇಲೆ ಆಸ್ಪತ್ರೆಗೆ ತೋರಿಸಬೇಕಾಗಿತ್ತು. ಮೆಟ್ಟಿಲು ಹತ್ತುವ ಮಾತೇ ಇರಲಿಲ್ಲ. ಹಾಗಾಗಿ ಕೆಳಗಿನ ಮನೆಯೇ ಬೇಕಿತ್ತು. ನಾವು ಈಗಿರುವ ಕಟ್ಟಡದಲ್ಲಿ ಮೇಲಿನವೆಲ್ಲ ಮಾರಾಟವಾಗಿ ವರ್ಷಗಳಾಗಿದ್ದರೂ ಕೆಳಗಡೆ ಹಿಂಭಾಗದ ಮನೆ ಯಾರೂ ಕೊಳ್ಳದೆ ಉಳಿದಿತ್ತು. ನಮ್ಮ ಅದೃಷ್ಟ ಎಂದುಕೊಂಡೆವು.

ಯಾಕೆ ಉಳಿದಿತ್ತು ಎಂಬುದು ಹೋದ ದಿನವೇ ತಿಳಿಯಿತು. ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವ ಸಣ್ಣ ಜಾಗವಿದೆ. ಅದಕ್ಕೆ ಎದೆಮಟ್ಟದ ಗೋಡೆ, ಗೋಡೆಯ ಮೇಲೆ ಸೂರಿನ ತನಕ ಕಬ್ಬಿಣದ ಜಾಲರಿ. ಹಾಲು ಉಕ್ಕಿಸಿ ಪಾತ್ರೆ ತೊಳೆಯಲು ಅಲ್ಲಿಗೆ ಹೋದರೆ, ಜಾಲರಿಯ ಆಚೆ ಮೇಲಿನಿಂದ ಏನೋ ದಪ್ಪನೆ ಬಿತ್ತು. ನೋಡಿದರೆ ಮಗುವಿನ ಡೈಪರ್. ಅದರ ಸುತ್ತ ಕಾಯಿಯ ಚಿಪ್ಪು, ಹಾಲಿನ ಪಾಕೀಟು, ಒಡೆದ ಟೈಲ್ಸು, ಕಟ್ಟುವಾಗ ಬಿಟ್ಟುಹೋದ ಸಿಮೆಂಟಿನ ಗಟ್ಟಿ. ನಮ್ಮ ಅಡುಗೆಮನೆಯಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಒಂದು ತಿಪ್ಪೆ ಇತ್ತು.

ಆ ಜಾಗದ ಹೆಸರು ಮಾತ್ರ ಉದ್ಯಾನ. ಮನೆ ಮಾರುವಾಗ ತೋರಿಸಿದ ಬಣ್ಣದ ಚಿತ್ರದಲ್ಲಿ ಅಲ್ಲಿ ಹುಲ್ಲು ಇತ್ತು, ಬೆಂಚು ಇತ್ತು, ಮಗುವಿನ ಕೈಹಿಡಿದು ನಡೆಯುವ ಒಬ್ಬ ಹೆಂಗಸೂ ಇದ್ದಳು. ಆಕೆ ಅಲ್ಲಿಗೆ ಹೇಗೆ ಹೋದಳೋ ಗೊತ್ತಿಲ್ಲ, ಯಾಕೆಂದರೆ ಅಲ್ಲಿಗೆ ಹೋಗಲು ಹಾದಿಯೇ ಇರಲಿಲ್ಲ.

ಕಟ್ಟಡ ನಿಂತಿರುವುದು ಹೀಗೆ. ಪಡುವಣಕ್ಕೆ ರಸ್ತೆ. ರಸ್ತೆಗೆ ಹೊಂದಿ ಒಂದು ಗೊಬ್ಬರದ ಅಂಗಡಿ, ಪಕ್ಕದಲ್ಲಿ ಗೇಟು. ಗೇಟಿನ ಒಳಗೆ ಕಾರು ಬೈಕು ನಿಲ್ಲಿಸುವ ಅಂಗಳ. ಅದರ ಹಿಂದೆ ಕಟ್ಟಡ, ಕಟ್ಟಡದ ಹಿಂದೆ ಮೂಡಣಕ್ಕೆ ಈ ಖಾಲಿ ನೆಲ. ಉತ್ತರದ ಬದಿಯಲ್ಲಿ ನೀರಿನ ತೊಟ್ಟಿ, ಪಂಪಿನ ಕೋಣೆ ಕಂಪೌಂಡಿಗೆ ಹತ್ತಿಕೊಂಡು ನಿಂತು ಹಾದಿ ಮುಚ್ಚಿವೆ. ದಕ್ಷಿಣದ ಬದಿಯಲ್ಲಿ ಒಂದು ಓಣಿ ಬಿಟ್ಟಿದ್ದರು. ಆದರೆ ಅದಕ್ಕೆ ತಗಡಿನ ಸೂರು ಹೊದಿಸಿ, ಮುಂದೆ ಶಟರು ಹಾಕಿ, ಹಿಂದಿನ ಬಾಯಿಗೆ ತಗಡು ಬಡಿದು ಗೊಬ್ಬರದ ಅಂಗಡಿಯ ಗೋದಾಮು ಮಾಡಲಾಗಿತ್ತು. ಅಂಗಡಿ ಯಾರದೆಂದರೆ, ಮೂರನೆಯ ಮಹಡಿಯಲ್ಲಿದ್ದ ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷರ ಅಳಿಯನದು.

ಎಲ್ಲ ಮನೆಗಳ ಅಡುಗೆಮನೆಯ ಕಿಟಕಿಗಳು ಆ ನೆಲಕ್ಕೇ ತೆರೆದಿದ್ದವು. ಎಲ್ಲರಿಗೂ ಕಾಣುತ್ತಿತ್ತು, ಯಾರಿಗೂ ಸಿಗುತ್ತಿರಲಿಲ್ಲ. ಕಾಲಿಡಲು ಆಗದ ಜಾಗದ ಮೇಲೆ ಯಾರಿಗೆ ಮಮತೆ ಬಂದೀತು? ಕಸ ಎಸೆಯುತ್ತಿದ್ದವರು ಕೆಟ್ಟವರೇನಲ್ಲ. ತಮ್ಮ ಬಾಗಿಲ ಮುಂದೆ ದಿನಾ ರಂಗೋಲಿ ಹಾಕುವವರೇ.

ಅತ್ತೆಗೆ ಆ ಜಾಲರಿಯೇ ಕಿಟಕಿಯಾಯಿತು. ಬೆಳಿಗ್ಗೆ ಒಂದು ಸ್ಟೂಲು ಎಳೆದುಕೊಂಡು ಅಲ್ಲಿ ಕೂತರೆ ನಾನು ಡ್ಯೂಟಿ ಮುಗಿಸಿ ಬರುವವರೆಗೆ ಅಲ್ಲೇ. ಮೊದಲು ಅವರು ಕಸ ನೋಡುತ್ತಿದ್ದಾರೆ ಎಂದುಕೊಂಡು ನನಗೆ ನಾಚಿಕೆಯಾಗುತ್ತಿತ್ತು. ಆದರೆ ಅವರು ನೋಡುತ್ತಿದ್ದದ್ದು ಮಣ್ಣನ್ನು. ಆ ನಿವೇಶನ ಹಿಂದೆ ಗದ್ದೆಯಾಗಿತ್ತು. ಮುಂಭಾಗಕ್ಕೆಲ್ಲ ಗರಸು ಕಲ್ಲುಮಣ್ಣು ತುಂಬಿಸಿದ್ದರು, ಹಿಂದೆ ಯಾರು ನೋಡುತ್ತಾರೆ ಎಂದು ಗದ್ದೆಯ ಕಪ್ಪು ಮಣ್ಣನ್ನು ಹಾಗೇ ಬಿಟ್ಟಿದ್ದರು.

"ಎರಿ ಮಣ್ಣು ಐತಿ ಬೇ," ಅಂದರು ಒಂದು ದಿನ. "ನಮ್ಮೂರಾಗ ಮಳಿಗೆ ಮಾರಿ ನೋಡಿಕೋಂತ ಕುಂದರಬೇಕು. ಇಲ್ಲಿ ಮಗ್ಗಲದಾಗ ಕಾಲುವಿ ಹರೀತೈತಿ. ಇಂಥಾದ್ರ ಮ್ಯಾಲ ಕಸಾ ಒಗೀತಾರಲ್ಲ. ಈ ಜಾಳಗಿ ತಗಸು. ನಾ ಹೊರಗ ಹೋಗ್ತೀನಿ."

ಮಗಳ ಮನೆಗೋ ಜಾತ್ರೆಗೋ ಹೋಗುತ್ತೇನೆ ಅಂದಷ್ಟು ಸಹಜವಾಗಿ ಅಂದರು. ಹುಟ್ಟಿದಾಗಿನಿಂದ ಹಗಲು ಹೊರಗೇ ಕಳೆದವರು. ಮುಂದಿನ ಅಂಗಳದಲ್ಲಿ ಕೂರೋಣವೆಂದರೆ ಕಾರುಗಳ ನಡುವೆ ಸ್ಟೂಲು ಹಿಡಿಸುವಷ್ಟೂ ಜಾಗವಿರಲಿಲ್ಲ. ಒಮ್ಮೆ ಕೂತಿದ್ದಕ್ಕೆ, ಗಾಡಿಗೆ ಗೀಚು ಬೀಳುತ್ತದೆ ಎಂದು ವಾಚ್‌ಮನ್ ಎಬ್ಬಿಸಿದ್ದ.

ಸಂಘದ ಸಭೆ ಗಾಡಿಗಳ ಅಂಗಳದಲ್ಲೇ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನಡೆಯುತ್ತದೆ. ಬೇಸಿಗೆಯ ಶುರುವಿನಲ್ಲಿ ನಡೆದ ಸಭೆಯಲ್ಲಿ ನಾನು ಎದ್ದುನಿಂತೆ. ಹಿಂದಿನ ಜಾಗಕ್ಕೆ ಹೋಗಲು ಗೋದಾಮು ತೆರವು ಮಾಡಿಸಿ, ಓಣಿ ಬಿಡಿಸಿ ಎಂದು ಕೇಳಿದೆ. ಅಧ್ಯಕ್ಷರು ಭತ್ತದ ವ್ಯಾಪಾರ ಮಾಡಿ ಮಾಗಿದವರು, ಮಾತು ಮೆದು. ಹಾದಿ ಬಿಟ್ಟರೆ ಹುಡುಗರು ಸೇರುತ್ತಾರೆ, ಹೊರಗಿನವರು ನುಗ್ಗುತ್ತಾರೆ, ಹಾವು ಚೇಳು ಇರುತ್ತವೆ, ಆಮೇಲೆ ಜವಾಬ್ದಾರಿ ಯಾರದು ಎಂದು ಕೇಳಿದರು. ಹಾಗಾದರೆ ಅದನ್ನು ಉದ್ಯಾನ ಎಂದು ಯಾಕೆ ಬರೆದಿರಿ ಎಂದೆ.

"ಮ್ಯಾಲಿಂದ ನೋಡಾಕ ಐತ್ರಿ ಅದು," ಅಂದರು. "ಕಿಡಕಿ ತಗದ್ರ ಗಾಳಿ ಬರತೈತಿ, ಬೆಳಕ ಬರತೈತಿ. ಕಾಲಿಡಬೇಕಂತ ಎಲ್ಲಿ ಬರದೈತಿ?"

ಅಂದು ಯಾರೂ ನನ್ನ ಪರ ಮಾತಾಡಲಿಲ್ಲ. ಗೋದಾಮು ಬಿಡದಿದ್ದರೆ ನಮ್ಮ ಜಾಲರಿ ತೆಗೆದು ಬಾಗಿಲು ಮಾಡಿಕೊಳ್ಳಲಾದರೂ ಒಪ್ಪಿಗೆ ಕೊಡಿ ಎಂದೆ. ಹೊರಗೋಡೆ ಎಲ್ಲರಿಗೂ ಸೇರಿದ್ದು, ಮುಟ್ಟುವ ಹಾಗಿಲ್ಲ ಎಂಬ ಉತ್ತರ ಬಂತು. ಎಲ್ಲರಿಗೂ ಸೇರಿದ ಓಣಿಯಲ್ಲಿ ಒಬ್ಬರ ಗೊಬ್ಬರ ತುಂಬಬಹುದು, ಎಲ್ಲರಿಗೂ ಸೇರಿದ ಗೋಡೆಯನ್ನು ನಾನು ಮುಟ್ಟಬಾರದು. ಅದನ್ನೂ ದೊಡ್ಡ ದನಿಯಲ್ಲೇ ಹೇಳಿದೆ. ಕುರ್ಚಿಗಳು ಒಂದೊಂದಾಗಿ ಖಾಲಿಯಾದವು.

ಮುಂದಿನ ವಾರದ ರಜೆಯ ದಿನ ಬಸ್‌ಸ್ಟ್ಯಾಂಡಿನ ಹಿಂದಿನ ವೆಲ್ಡಿಂಗ್ ಅಂಗಡಿಯವನನ್ನೂ ಒಬ್ಬ ಗೌಂಡಿಯನ್ನೂ ಕರೆತಂದೆ. ಗಂಡ ಬೇಡ ಅನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ. ಕಂಬ ಹತ್ತುವ ಕೆಲಸವಿದೆ ಎಂದು ಬೇಗ ಹೊರಟುಹೋದರು. ಜಾಲರಿ ಕತ್ತರಿಸುವಾಗ ಹಾರಿದ ಕಿಡಿ ನೋಡಿ ಮೇಲಿನ ಕಿಟಕಿಗಳೆಲ್ಲ ತೆರೆದವು. ಗೌಂಡಿ ಎದೆಮಟ್ಟದ ಗೋಡೆಯಲ್ಲಿ ಒಬ್ಬರು ದಾಟುವಷ್ಟು ಅಗಲಕ್ಕೆ ಇಟ್ಟಿಗೆ ಬಿಚ್ಚಿದ. ದೂಳು ಅಡಗುವ ಮೊದಲೇ ಅತ್ತೆ ಕೋಲು ಊರಿಕೊಂಡು ಇಳಿದರು, ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಮೂಸಿ, ಹುಳಿ ಬಂದಿಲ್ಲ, ಬೆಳೆ ಬರುತ್ತದೆ ಅಂದರು. ಆಮೇಲೆ ಕಸ ಆರಿಸತೊಡಗಿದರು.

ಆ ರಜೆ, ಅದರ ಮುಂದಿನ ರಜೆ, ಎರಡೂ ಕಸದಲ್ಲೇ ಹೋದವು. ಕಸದ ಅಡಿಯಲ್ಲಿ ನಾನು ಎಣಿಸದಿದ್ದ ಒಂದು ವಸ್ತು ಸಿಕ್ಕಿತು, ಬಟ್ಟೆ. ಮೇಲೆ ಒಣಹಾಕಿದ್ದು ಗಾಳಿಗೆ ಜಾರಿ ಬಿದ್ದರೆ ಎತ್ತಿಕೊಳ್ಳಲು ಯಾರಿಗೂ ಹಾದಿಯಿರಲಿಲ್ಲವಲ್ಲ. ಅಷ್ಟು ವರ್ಷಗಳ ಟವೆಲ್ಲು, ರವಿಕೆ, ಶಾಲೆಯ ಟೈ, ದಿಂಬಿನ ಚೀಲ, ಹರಕು ಇಲ್ಲದ ಒಂದು ಇಳಕಲ್ ಸೀರೆ, ಸಣ್ಣ ಸಣ್ಣ ಫ್ರಾಕು ಮಣ್ಣಿಗೆ ಅಂಟಿಕೊಂಡಿದ್ದವು. ಕೊಳೆತಿದ್ದವನ್ನು ಬಿಟ್ಟು ಉಳಿದವನ್ನು ನೆನೆಹಾಕಿ ಒಗೆದೆ. ಒಗೆದು ಮುಂದಿನ ಅಂಗಳದಲ್ಲಿ, ಕಾರುಗಳ ಮೇಲೆ, ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ ಸಾಲಾಗಿ ನೇತುಹಾಕಿದೆ. ಬೇಕೆಂದೇ ಹಾಗೆ ಮಾಡಿದೆ.

ಮೊದಲು ಬಂದವಳು ಒಂದನೆಯ ಮಹಡಿಯವಳು. ಆಕೆಯ ತವರು ಕಾಲುವೆಯ ಕಡೆ ಆಂಧ್ರದ ರೈತರು ಬಂದು ನೆಲೆಸಿದ ಒಂದು ಕ್ಯಾಂಪು. ಮನೆಯಲ್ಲಿ ತೆಲುಗು, ನಮ್ಮ ಜೊತೆ ಎರಡೂ ಬೆರೆಸಿ ಮಾತಾಡುತ್ತಾಳೆ. ಹಗ್ಗದ ಮೇಲಿನ ಹಳದಿ ಫ್ರಾಕು ತೆಗೆದು ತಿರುಗಿಸಿ ತಿರುಗಿಸಿ ನೋಡಿದಳು.

"ಇದು ನಮ್ಮ ಪಾಪುಂದ್ರಿ ಅಕ್ಕಾ," ಅಂದಳು. "ಮೊದಲ ಹುಟ್ಟುಹಬ್ಬದ್ದು. ಬಿದ್ದಾಗ ಕಿಟಕೀಲಿಂದ ನೋಡಿ ನೋಡಿ ಅತ್ತಿದ್ದೆ."

ಆ ಪಾಪು ಈಗ ನಾಲ್ಕನೆಯ ತರಗತಿ. ಫ್ರಾಕು ಎಲ್ಲಿ ಸಿಕ್ಕಿತು, ತೋರಿಸು ಎಂದಳು. ನಮ್ಮ ಮನೆಯ ಮುಂಬಾಗಿಲಿನಿಂದ ಕರೆದುಕೊಂಡು, ನಡುಮನೆ ದಾಟಿ, ಅಡುಗೆಮನೆ ದಾಟಿ, ಒಡೆದ ಗೋಡೆಯಿಂದ ಇಳಿಸಿದೆ. ಆಕೆ ನೆಲದ ಮೇಲೆ ನಿಂತು ಮೇಲೆ ತನ್ನದೇ ಕಿಟಕಿಯನ್ನು ಬಹಳ ಹೊತ್ತು ನೋಡಿದಳು. ಅಷ್ಟು ವರ್ಷ ಅದನ್ನು ಹೊರಗಿನಿಂದ ನೋಡಿರಲೇ ಇಲ್ಲವಂತೆ.

ಆಮೇಲೆ ಒಬ್ಬರ ಹಿಂದೆ ಒಬ್ಬರು ಬಂದರು. ಬಟ್ಟೆಗೆ ಬಂದವರು ಕೂತರು, ಕೂತವರು ಮರುದಿನ ಮಕ್ಕಳನ್ನು ಕರೆತಂದರು. ಕಟ್ಟಡ ಪಡುವಣದ ಬಿಸಿಲನ್ನು ತಡೆಯುವುದರಿಂದ ನಮ್ಮ ಊರಿನ ಬೇಸಿಗೆಯಲ್ಲೂ ಸಂಜೆ ನಾಲ್ಕಕ್ಕೆಲ್ಲ ಅಲ್ಲಿ ನೆರಳು. ಆಚೆಗೆ ಭತ್ತದ ಗದ್ದೆ, ಗದ್ದೆಯಿಂದ ಗಾಳಿ. ಕಟ್ಟಿದವನು ಎಣಿಸದೆಯೇ ಒಂದು ಒಳ್ಳೆಯದನ್ನು ಮಾಡಿಟ್ಟಿದ್ದ, ಬಾಗಿಲು ಮಾತ್ರ ಇಟ್ಟಿರಲಿಲ್ಲ.

ಅತ್ತೆ ಒಂದು ಮೂಲೆ ಅಗೆದು ಪುಂಡಿ ಬೀಜ ಚೆಲ್ಲಿದರು. ಮೊಳಕೆ ಎಲೆಯಾದಾಗ ಒಂದನೆಯ ಮಹಡಿಯವಳು ಗೋಂಗೂರ ಅಂದಳು, ಅತ್ತೆ ಪುಂಡಿಪಲ್ಯ ಅಂದರು. ಹೆಸರಿನ ಬಗ್ಗೆ ಅವರಿಬ್ಬರ ವಾದ ಇನ್ನೂ ಮುಗಿದಿಲ್ಲ. ಆಕೆ ಮಾಡಿದ ಪಚ್ಚಡಿಯನ್ನು ಅತ್ತೆ ರೊಟ್ಟಿಗೆ ಹಚ್ಚಿಕೊಂಡು ಉಣ್ಣುತ್ತಾರೆ, ಖಾರ ಹೆಚ್ಚಾಯಿತು ಎಂದು ಬೈಯುತ್ತಲೇ.

ಇಷ್ಟಾದರೂ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಮುಂಬಾಗಿಲಲ್ಲಿ ಚಪ್ಪಲಿಗಳ ರಾಶಿ, ನಡುಮನೆಯ ನೆಲದ ಮೇಲೆ ಕೆಸರಿನ ಕಾಲು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದರೆ ಬೆನ್ನ ಹಿಂದಿನಿಂದ ಹುಡುಗರು ಚೆಂಡು ಹಿಡಿದು ಓಡುತ್ತಿದ್ದರು. ಬಸ್ಸಿನಲ್ಲಿ ದಿನವಿಡೀ ಮುಂದೆ ಸರೀರಿ ಎಂದು ಕೂಗಿ ಬಂದವಳು ಮನೆಯಲ್ಲೂ ಅದನ್ನೇ ಕೂಗುವಂತಾಯಿತು. ಗಂಡ ರಾತ್ರಿ ಪಾಳಿ ಮುಗಿಸಿ ಹಗಲು ಮಲಗಿದರೆ ನಿದ್ದೆ ಇಲ್ಲ. ಒಂದು ದಿನ ಲುಂಗಿ ಸರಿಮಾಡಿಕೊಳ್ಳುತ್ತ ಎದ್ದು ಕೂತು, ಇದು ಮನೆಯೋ ನಿನ್ನ ಕುಷ್ಟಗಿ ಬಸ್ಸೋ ಎಂದು ಕೇಳಿದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ನಾನು ಬಾಗಿಲು ಹಾಕಲಿಲ್ಲ. ಹಾಕಿದರೆ ಆ ನೆಲ ನಮ್ಮೊಬ್ಬರ ಹಿತ್ತಿಲಾಗುತ್ತಿತ್ತು. ಅಧ್ಯಕ್ಷರ ಅಳಿಯ ಮಾಡಿದ್ದನ್ನೇ ನಾನೂ ಮಾಡಿದಂತಾಗುತ್ತಿತ್ತು.

ಅಧ್ಯಕ್ಷರು ಸುಮ್ಮನಿರಲಿಲ್ಲ. ಮೊದಲು ನೋಟೀಸು ಕಳಿಸಿದರು. ಓಣಿ ತೆರೆದ ದಿನ ನನ್ನ ಗೋಡೆ ಕಟ್ಟಿಸುತ್ತೇನೆ ಎಂದು ಹೇಳಿಕಳಿಸಿದೆ. ಆಮೇಲೆ ಒಂದು ಬೆಳಿಗ್ಗೆ ನಮ್ಮ ನಲ್ಲಿಯಲ್ಲಿ ನೀರು ಬರಲಿಲ್ಲ. ಮೇಲಿನವರಿಗೆಲ್ಲ ಬರುತ್ತಿತ್ತು; ನಮ್ಮ ಮನೆಯ ವಾಲ್ವನ್ನಷ್ಟೇ ತಿರುವಿಸಿದ್ದರು. ಗಂಡ ಪಂಪಿನ ಕೋಣೆಗೆ ಹೋಗುತ್ತೇನೆ, ಎರಡು ನಿಮಿಷದ ಕೆಲಸ ಅಂದರು. ಬೇಡ ಅಂದೆ. ಎರಡು ಕೊಡ ತೆಗೆದುಕೊಂಡು ಮೂರು ಮಹಡಿ ಹತ್ತಿ ಅಧ್ಯಕ್ಷರ ಮನೆಯ ಗಂಟೆ ಒತ್ತಿದೆ. ಅವರು ಸೋಫಾದ ಮೇಲೆ ಪೇಪರು ಓದುತ್ತಿದ್ದರು. ನೀರು ಬೇಕಾಗಿತ್ತು ಎಂದು ಹೇಳಿ, ಉತ್ತರಕ್ಕೆ ಕಾಯದೆ ಅವರ ನಡುಮನೆ ದಾಟಿ ಅಡುಗೆಮನೆಗೆ ಹೋದೆ. ಅವರ ಹೆಂಡತಿ ಕೊಡ ತುಂಬಿಕೊಟ್ಟರು. ಇಳಿಸಿ ಬಂದು ಮತ್ತೆ ಹತ್ತಿದೆ. ಮೂರನೆಯ ಸಲಕ್ಕೆ ಆ ತಾಯಿಯೇ ಗಂಡನ ಕಡೆ ತಿರುಗಿ, ಆಕಿ ಸಂಜೀತನಕ ಹಿಂಗ ಅಡ್ಡಾಡ್ತಾಳ ನೋಡ್ರಿ ಅಂದರು. ಮಧ್ಯಾಹ್ನದೊಳಗೆ ನಲ್ಲಿಗೆ ನೀರು ಬಂತು.

ಕಾಲುವೆಗೆ ನೀರು ಬಿಟ್ಟು, ಸುತ್ತಲಿನ ಗದ್ದೆಗಳಲ್ಲಿ ನಾಟಿ ನಡೆಯುತ್ತಿದ್ದ ಕಾಲ. ಒಂದು ಭಾನುವಾರ ನಮ್ಮ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಗೋಡೆ ಒಡೆದುಕೊಟ್ಟ ಅದೇ ಗೌಂಡಿ, ಅವನ ಹಿಂದೆ ಇಟ್ಟಿಗೆ ತುಂಬಿದ ತಳ್ಳುಗಾಡಿ, ಅದರ ಹಿಂದೆ ಅಧ್ಯಕ್ಷರು ಮತ್ತು ಸಂಘದ ನಾಲ್ಕು ಜನ. ಗೌಂಡಿ ತಲೆ ತಗ್ಗಿಸಿ ಹೇಳಿದ, ಹಿಂದಿನ ಕಡೆಯಿಂದ ಗೋಡೆ ಮುಚ್ಚಲು ಕರೆದಿದ್ದಾರೆ ಎಂದು.

"ಮುಚ್ಚಪ್ಪಾ," ಅಂದೆ.

ಅವನು ಅತ್ತ ಇತ್ತ ನೋಡಿದ. "ಹಿಂದ ಹೋಗಾಕ ಎಲ್ಲಿಂದ ಹೋಗಬೇಕ್ರಿ ಅಕ್ಕಾರ?"

ನನಗೂ ಆ ಕ್ಷಣದವರೆಗೆ ಹೊಳೆದಿರಲಿಲ್ಲ. ಹಿಂದೆ ಹೋಗಲು ಇದ್ದದ್ದು ನನ್ನ ಅಡುಗೆಮನೆಯೊಂದೇ. ನಾನು ಬಾಗಿಲಿಗೆ ಅಡ್ಡ ನಿಂತೆ, ಅಧ್ಯಕ್ಷರ ಕಡೆ ಕೈ ತೋರಿಸಿದೆ.

"ಅವರನ್ನ ಕೇಳು," ಅಂದೆ. "ಅಲ್ಲಿ ಕಾಲಿಡೂದು ಬ್ಯಾಡ ಅಂದವರು ಅವರು."

ಅಧ್ಯಕ್ಷರು ಮುಂದೆ ಬಂದರು. ಒಳಗಿನಿಂದಲೇ ಕಟ್ಟಿ ಮುಗಿಸಲಿ, ಬಾಗಿಲು ಬಿಡಿ ಎಂದರು. ನನ್ನ ಮನೆಯೊಳಗೆ ನನ್ನ ಒಪ್ಪಿಗೆ ಇಲ್ಲದೆ ಕರಣಿ ಎತ್ತಿದರೆ ಪೊಲೀಸರನ್ನು ಕರೆಯುತ್ತೇನೆ ಎಂದೆ. ಆಗ ಅವರು, ಪಕ್ಕದ ಗದ್ದೆಯಿಂದ ಹೋಗಿ ಕಂಪೌಂಡ್ ಹಾರು ಎಂದು ಗೌಂಡಿಗೆ ಹೇಳಿದರು. ಗದ್ದೆಯಲ್ಲಿ ಮೊಣಕಾಲುದ್ದ ಕೆಸರು, ನಾಟಿ ಮಾಡಿ ವಾರವಾಗಿರಲಿಲ್ಲ, ಗೋಡೆಯ ನೆತ್ತಿಯ ಮೇಲೆ ಗಾಜಿನ ಚೂರು. ಇಟ್ಟಿಗೆ ಹೊತ್ತು ಅಲ್ಲಿ ಇಳಿಯುವವರು ಯಾರು? ಗೌಂಡಿ ಬೀಡಿ ಹಚ್ಚಿ ತಳ್ಳುಗಾಡಿಯ ಮೇಲೆ ಕೂತುಬಿಟ್ಟ. ಅಷ್ಟು ಹೊತ್ತಿಗೆ ಮೆಟ್ಟಿಲ ತುಂಬ ಜನ.

ಉಳಿದದ್ದು ಗೋದಾಮು. ಅಧ್ಯಕ್ಷರು ಅಂಗಡಿಗೆ ಹೋದರು. ಅಳಿಯನ ಜೊತೆ ಏನು ಮಾತಾಯಿತೋ ಪೂರ್ತಿ ಕೇಳಿಸಲಿಲ್ಲ, ಆದರೆ ನಾಟಿಯ ಕಾಲದಲ್ಲಿ ಚೀಲ ಎಲ್ಲಿ ಇಡಲಿ ಎಂದು ಅಳಿಯ ದನಿ ಏರಿಸಿದ್ದು ಕೇಳಿಸಿತು. ಮಗಳನ್ನು ಕೊಟ್ಟ ಮಾವ, ಗದರುವ ಹಾಗೂ ಇಲ್ಲ. ಎರಡೂ ಕೈ ಮುಂದೆ ಮಾಡಿ ತಗ್ಗಿದ ದನಿಯಲ್ಲಿ ಒಪ್ಪಿಸುತ್ತಿದ್ದರು. ಅದನ್ನು ನೋಡಿ ನನಗೆ ಮರುಕ ಬರಲಿಲ್ಲ. ಬರಬೇಕಿತ್ತೇನೋ.

ಶಟರು ಮೇಲೆ ಹೋಯಿತು. ಹಮಾಲರು ಬಂದು ಗೊಬ್ಬರದ ಚೀಲಗಳನ್ನು ತಂದು ಅಂಗಳದಲ್ಲಿ ಒಟ್ಟಿದರು. ಅದಕ್ಕಾಗಿ ಕಾರುಗಳನ್ನೆಲ್ಲ ರಸ್ತೆಗೆ ತೆಗೆಯಬೇಕಾಯಿತು. ಕೊನೆಗೆ ಹಿಂದಿನ ತಗಡನ್ನು ಕಿತ್ತರು. ಅಷ್ಟು ವರ್ಷ ಕತ್ತಲೆಯಲ್ಲಿದ್ದ ಓಣಿಯ ಆ ತುದಿಯಲ್ಲಿ ಬೆಳಕು, ಬೆಳಕಿನಲ್ಲಿ ಅತ್ತೆಯ ಪುಂಡಿಯ ಸಾಲು ಕಂಡಿತು.

ಗೌಂಡಿ ತಳ್ಳುಗಾಡಿ ಎತ್ತುವ ಮೊದಲೇ ಒಂದನೆಯ ಮಹಡಿಯವಳು ಓಣಿಗೆ ನುಗ್ಗಿದಳು. ಅವಳ ಹಿಂದೆ ಎರಡನೆಯ ಮಹಡಿಯವರು, ಮಕ್ಕಳು, ಕೊನೆಗೆ ಸೆರಗು ಬಾಯಿಗೆ ಹಿಡಿದುಕೊಂಡು ಅಧ್ಯಕ್ಷರ ಹೆಂಡತಿ. ಗೊಬ್ಬರದ ವಾಸನೆಗೆ ಎಲ್ಲರ ಕಣ್ಣಲ್ಲೂ ನೀರು. ಆ ಕಡೆ ಹೋದವರು ವಾಪಸು ಬರಲಿಲ್ಲ, ಅಲ್ಲೇ ಕೂತರು. ಸಂಜೆ ಚೀಲ ಮತ್ತೆ ಒಳಗಿಡಲು ಹಮಾಲರು ಬಂದಾಗ ಓಣಿಯ ತುಂಬ ಹೆಂಗಸರು ಚಾಪೆ ಹಾಕಿಕೊಂಡು ಕೂತು ಹೂವು ಕಟ್ಟುತ್ತಿದ್ದರು. ಏಳ್ರಿ ಅನ್ನುವ ಧೈರ್ಯ ಹಮಾಲರಿಗೆ ಬರಲಿಲ್ಲ, ಅಳಿಯನಿಗೂ ಬರಲಿಲ್ಲ; ಚೀಲಗಳು ಅಂಗಡಿಯೊಳಗೇ ಸೇರಿದವು. ನಾನು ಅವರ‍್ಯಾರಿಗೂ ಅಲ್ಲಿ ಹಾಗೆ ಕೂರಿ ಎಂದು ಹೇಳಿಕೊಟ್ಟಿರಲಿಲ್ಲ. ಆ ಹೊತ್ತಿಗೆ ನಾನು ಮನೆಯೊಳಗೇ ಇದ್ದೆ.

ಯಾಕೆಂದರೆ ಅಧ್ಯಕ್ಷರು ನನ್ನನ್ನು ಹುಡುಕಿಕೊಂಡು ಬಂದಿದ್ದರು. "ಮಾತು ಕೊಟ್ಟಿದ್ರಿ," ಅಂದರು. "ಓಣಿ ತಗದ ದಿನ ಗೋಡಿ ಕಟ್ಟಸ್ತೀನಿ ಅಂತ."

"ಕೊಟ್ಟೀನ್ರಿ. ಕಟ್ಟಸ್ರಿ," ಅಂದೆ. "ಓಣಿ ಮತ್ತ ಮುಚ್ಚಿದ್ರ ಮರುದಿನ ಮತ್ತ ಒಡಸ್ತೀನಿ. ಅದನ್ನೂ ಮಾತಂತ ತಿಳಕೋರಿ."

ಗೌಂಡಿ ಕತ್ತಲಾಗುವುದರೊಳಗೆ ಎದೆಮಟ್ಟಕ್ಕೆ ಕಟ್ಟಿ ಮುಗಿಸಿದ. ಜಾಲರಿ ಮಾತ್ರ ಹಾಕಿಸಗೊಡಲಿಲ್ಲ. ಗಂಡ ಆ ವಾರ ನಿಶ್ಚಿಂತೆಯಿಂದ ಮಲಗಿದರು. ನನಗೆ ಮನೆ ಬಿಕೋ ಅನ್ನಿಸಿತು. ಚಪ್ಪಲಿಗಳಿಲ್ಲದ ಬಾಗಿಲು ನೋಡಿ, ಬೈದುಕೊಂಡೇ ಇದ್ದರೂ ಆ ಗದ್ದಲ ನನಗೆ ರೂಢಿಯಾಗಿತ್ತೆಂದು ತಿಳಿಯಿತು.

ಅತ್ತೆ ಮಾತು ಬಿಟ್ಟರು. ಮೂರು ಹೆಜ್ಜೆಗೆ ಹೊಲ ಸಿಗುತ್ತಿದ್ದವರು ಈಗ ಮುಂಬಾಗಿಲಿನಿಂದ ಹೊರಬಿದ್ದು, ಅಂಗಳ ದಾಟಿ, ಓಣಿ ಸುತ್ತಿ ಹೋಗಬೇಕು. ಸಿಟ್ಟಿಗೆ ಉಣ್ಣುವುದನ್ನೂ ಕಡಿಮೆ ಮಾಡಿದರು. ಕೊನೆಗೆ ನಾನೇ ತಟ್ಟೆ ಹಿಡಿದು ಎದುರು ಕೂತೆ.

"ಎಲ್ಲಾರ ಸಲುವಾಗಿ ನನ್ನ ಬಾಗಲಾ ಮುಚ್ಚಿದಿ," ಅಂದರು. "ನನ್ನ ಕೇಳಿದೇನು?"

ಕೇಳಿರಲಿಲ್ಲ. ಆ ಹೊತ್ತಿನ ಬಿಸಿಯಲ್ಲಿ ಮಾತು ಉಳಿಸಿಕೊಳ್ಳುವುದೊಂದೇ ನನ್ನ ತಲೆಯಲ್ಲಿತ್ತು. ಮತ್ತೆ ಒಡೆಸಲೇ ಎಂದೆ. ಬೇಡ ಅಂದರು. ಆಡಿದ ಮಾತು ತಿರುಗಿಸಿದವಳು ಎಂದು ಸೊಸೆಗೆ ಹೆಸರು ಬರುವುದು ಅವರಿಗೆ ಬೇಕಿರಲಿಲ್ಲ. ಮರುದಿನದಿಂದ ಕೋಲು ಹಿಡಿದು ಸುತ್ತಿ ಹೋಗತೊಡಗಿದರು.

ಆ ಸುತ್ತು ದಾರಿಯೇ ಮತ್ತೊಂದು ಹಾದಿ ಮಾಡಿಸಿತು. ಅಂಗಳದಲ್ಲಿ ಕಾರುಗಳು ಒಂದಕ್ಕೊಂದು ಅಂಟಿ ನಿಂತಿರುತ್ತಿದ್ದವು. ಅತ್ತೆ ಅವುಗಳ ಸಂದಿಯಲ್ಲಿ ನುಸುಳುವವರಲ್ಲ. ನಡುವೆ ನಿಂತುಬಿಡುತ್ತಿದ್ದರು. ಆಫೀಸಿಗೆ ಹೊರಟವರು ಹಾರನ್ ಹೊಡೆದರೂ ಸರಿಯುತ್ತಿರಲಿಲ್ಲ, ಗಾಡಿಯ ಮುಂಭಾಗಕ್ಕೆ ಕೈಯೂರಿ ದಣಿವಾರಿಸಿಕೊಳ್ಳುತ್ತಿದ್ದರು. ಹಿಂದೆ ಅವರನ್ನು ಎಬ್ಬಿಸಿದ್ದ ವಾಚ್‌ಮನ್ನೇ ಈಗ ಓಡಿಬಂದು ಡ್ರೈವರುಗಳಿಗೆ ಗಾಡಿ ಆಚೆ ಹಾಕ್ರಿ, ಅಮ್ಮಾರು ಹೊಂಟಾರ ಅನ್ನುತ್ತಿದ್ದ. ಕೊನೆಗೆ ಬೇಸತ್ತು ಕಾರಿನವರೇ ಸಂಘಕ್ಕೆ ಹೇಳಿ, ಗೇಟಿನಿಂದ ಓಣಿಯವರೆಗೆ ಎರಡು ಬಿಳಿ ಗೆರೆ ಎಳೆಸಿದರು. ಗೆರೆಗಳ ನಡುವೆ ಗಾಡಿ ನಿಲ್ಲಿಸುವ ಹಾಗಿಲ್ಲ. ಈಗ ಮಕ್ಕಳು ಅದರ ಮೇಲೆ ಓಡುತ್ತಾರೆ, ಹೆಂಗಸರು ಕುರ್ಚಿ ಎತ್ತಿಕೊಂಡು ಹೋಗುತ್ತಾರೆ. ಅಧ್ಯಕ್ಷರಿಗೂ ಸಕ್ಕರೆ ಕಾಯಿಲೆಗೆ ನಡೆಯಲು ಡಾಕ್ಟರು ಹೇಳಿದ್ದಾರಂತೆ. ಸಂಜೆ ಬಂದು ಕಂಪೌಂಡಿನ ಗುಂಟ ಸುತ್ತು ಹಾಕುತ್ತಾರೆ. ನಾವಿಬ್ಬರೂ ಮಾತಾಡುವುದಿಲ್ಲ. ನಾನು ಕ್ಷಮೆ ಕೇಳಿಲ್ಲ, ಅವರೂ ಕೇಳಿಲ್ಲ, ನನಗೆ ಅದರಿಂದ ಏನೂ ತೊಂದರೆಯಾಗಿಲ್ಲ.

ಹಾದಿ ಆದ ಮೇಲೆ ಅದರ ಮೇಲೆ ಬೇರೆಯವರ ಕಣ್ಣೂ ಬಿತ್ತು. ಹೋದ ತಿಂಗಳ ಸಭೆಯಲ್ಲಿ ಒಬ್ಬರು ಎದ್ದು, ಗಾಡಿಗಳು ಹೆಚ್ಚಾಗಿವೆ, ಹಿಂದಿನ ಜಾಗಕ್ಕೆ ಸಿಮೆಂಟಿನ ಬಿಲ್ಲೆ ಹಾಸಿಬಿಟ್ಟರೆ ಬೈಕುಗಳನ್ನೆಲ್ಲ ಓಣಿಯಿಂದ ಒಳಗೆ ಬಿಡಬಹುದು ಅಂದರು. ನಾನು ಬಾಯಿ ತೆರೆಯುವುದರೊಳಗೆ ನಾಲ್ಕಾರು ಹೆಂಗಸರು ಎದ್ದುನಿಂತಿದ್ದರು. ಗದ್ದಲವಾಯಿತು. ಯಾರೋ ಸಮಾಧಾನ ಮಾಡಲು, ಪೂರ್ತಿ ಬೇಡ, ಅರ್ಧ ಬಿಟ್ಟುಕೊಡಿ ಅಂದರು.

ಅತ್ತೆ ಹಿಂದಿನ ಸಾಲಿನಲ್ಲಿ ಕೂತಿದ್ದರು. "ಯಾವ ಅರ್ಧ?" ಎಂದು ಕೇಳಿದರು. "ಬಂದು ತೋರಸ್ರಿ."

ಎಲ್ಲರೂ ಎದ್ದು ಓಣಿಯಿಂದ ಹಿಂದಕ್ಕೆ ಹೋದೆವು. ಒಂದು ಕಡೆ ಪುಂಡಿ, ಮೆಂತ್ಯ, ಯಾರೋ ನೆಟ್ಟ ದಾಸವಾಳ. ಇನ್ನೊಂದು ಕಡೆ ಹುಡುಗರು ಕಡ್ಡಿ ನೆಟ್ಟು ಆಡುತ್ತಿದ್ದರು. ಅವರಲ್ಲಿ ಬಿಲ್ಲೆ ಹಾಸಿ ಅಂದವರ ಮಗಳೂ ಬ್ಯಾಟು ಹಿಡಿದು ನಿಂತಿದ್ದಳು. ನಡುವೆ ಹಿಂದೆ ಕಸದಲ್ಲೇ ತಾನಾಗಿ ಬೆಳೆದಿದ್ದ ಬೇವಿನ ಗಿಡ, ಅದರ ಬುಡದಲ್ಲಿ ಅಧ್ಯಕ್ಷರ ಹೆಂಡತಿಯ ಕುರ್ಚಿ. ಬಿಲ್ಲೆಯ ಮಾತೆತ್ತಿದ ಆ ಮನುಷ್ಯ ಕೈ ಎತ್ತಿ ಯಾವ ಕಡೆಯನ್ನೂ ತೋರಿಸದೆ, ಮುಂದಿನ ಸಭೆಯಲ್ಲಿ ನೋಡೋಣ ಅಂದರು.

ನೋಡೋಣ ಎಂದೇ ನಾನೂ ಅಂದೆ. ಅವರು ಬಿಡುವವರಲ್ಲ, ಬಿಲ್ಲೆಯ ಮಾತು ಮತ್ತೆ ಬರುತ್ತದೆ. ಸಭೆ ನಡೆಯುವುದು ಭಾನುವಾರ. ಪಾಳಿಯಂತೆ ಬದಲಾಗುತ್ತಿದ್ದ ನನ್ನ ವಾರದ ರಜೆ ಇನ್ನು ಮುಂದೆ ಭಾನುವಾರವೇ ಆಗಬೇಕೆಂದು ಡಿಪೋದಲ್ಲಿ ಹೇಳಿದ್ದೇನೆ. ಯಾಕೆ ಎಂದು ಅವರು ಕೇಳಿದರು. ಮನೆಯ ಕೆಲಸ ಇದೆ ಎಂದೆ.